ಕಾಕನಕೋಟೆಯ ಆತಿಥ್ಯ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ವಿಷಯವಾಗಿ ಈಚೆಗೆ ಒಂದು ಉದ್ದವಾದ ಪದಪುಂಜ ಬಳಕೆಗೆ ಬಂದಿದೆ: ‘ಪ್ರಕೃತಿಯನ್ನೂ ಮೂಲನಿವಾಸಿಗಳ ಸಂಸ್ಕೃತಿಯನ್ನೂ ಆಧರಿಸಿದ ಸುಸ್ಥಿರ ಪ್ರವಾಸೋದ್ಯಮ’. ಇದು ಅರ್ಥಶಾಸ್ತ್ರದವರ, ಅರಣ್ಯಶಾಸ್ತ್ರದವರ ವಿಷಯ, ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸವಿದೆ. ಈ ಉದ್ಯಮವು ಮಾರುವ ಸರಕು ಕೇವಲ ಹಾಸಿಗೆ ಊಟಗಳಲ್ಲ. ಒಂದು ಕುಣಿತ, ಒಂದು ಗುಡಿಸಿಲಿನ ಆಕಾರ, ಒಂದು ಸ್ಥಳದ ಹೆಸರು, ಆ ಹೆಸರಿನ ಹಿಂದಿನ ಕಥೆ, ಇವೂ ಅದರ ಸರಕುಗಳೇ. ಕಥೆ ಕುಣಿತಗಳಿದ್ದಲ್ಲಿ ವಿಮರ್ಶೆಗೆ ಪ್ರವೇಶವುಂಟು. ಕಾಡು ಉಳಿಯಿತೆ, ಹಣ ಬಂದಿತೆ ಎಂಬ ಪ್ರಶ್ನೆಗಳನ್ನು ಇತರರು ಕೇಳುತ್ತಿದ್ದಾರೆ. ಇಲ್ಲಿ ಬಂದವನು ಯಾರ ಅತಿಥಿ ಎಂಬ ಪ್ರಶ್ನೆಯನ್ನು ಕೇಳಿದವರು ಕಡಮೆ. ಪ್ರಕೃತ ಲೇಖನದ ಉದ್ದೇಶ ಅದೊಂದೇ.

ಮೊದಲು ಹೆಸರುಗಳನ್ನು ನೋಡೋಣ. ಕೃಷ್ಣರಾಜನಗರದ ಸೀಮೆಯ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ದಡದಲ್ಲಿ ಕೋದಂಡರಾಮನ ದೇವಾಲಯ. ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ಇಲ್ಲಿ ವಾಸಿಸುತ್ತಿದ್ದುದರಿಂದ ಸ್ಥಳಕ್ಕೆ ಈ ಹೆಸರಾಯಿತೆಂದು ಐತಿಹ್ಯ ಹೇಳುತ್ತದೆ. ಇಂದು ಅದು ಭತ್ತದ ಸೀಮೆ. ಸಂಕ್ರಾಂತಿಯ ಸುಮಾರಿಗೆ ನಡೆಯುವ ದನಗಳ ಜಾತ್ರೆಗೆ ಬರುವ ಸಾವಿರಾರು ರೈತರಲ್ಲಿ ಚುಂಚನ ಕುಲದವರನ್ನು ಹುಡುಕುವವರಿಲ್ಲ. ಹೆಸರು ಮಾತ್ರ ನಿಂತಿದೆ. ಹೆಗ್ಗಡದೇವನಕೋಟೆಯ ಸೀಮೆಯ ಕಾಕನಕೋಟೆಗೂ ಕಾಡಿನವನೊಬ್ಬನ ಹೆಸರೇ ಮೂಲವೆನ್ನುತ್ತಾರೆ. ಅಲ್ಲಿ ಮಾತ್ರ ಆ ಜನ ಇನ್ನೂ ಇದ್ದಾರೆ. ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಈ ಕಾಡಂಚಿನ ಹಾಡಿಗಳ ನಿವಾಸಿಗಳು. ಅವರಲ್ಲಿ ಜೇನುಕುರುಬರು, ಕರಾವಳಿಯ ಕೊರಗರೊಡನೆ, ಕರ್ನಾಟಕದ ಅತ್ಯಂತ ದುರ್ಬಲ ಬುಡಕಟ್ಟುಗಳೆಂದು ಸರ್ಕಾರ ಗುರುತಿಸಿರುವ ಎರಡರಲ್ಲಿ ಒಂದು. ಆದುದರಿಂದ ನಮ್ಮ ಪ್ರಶ್ನೆ ಕಾಕನಕೋಟೆಯಲ್ಲಿ ಜೀವಂತವಾದುದು, ಚುಂಚನಕಟ್ಟೆಯಲ್ಲಿ ಅದು ಮುಗಿದು ಹೋದ ಪ್ರಶ್ನೆ.

ಈ ಕಾಡಿಗೆ ಪ್ರವಾಸಿಗರು ಬಂದದ್ದು ನಿನ್ನೆ ಮೊನ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1971ರವರೆಗೆ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳ ಹಿಂಡನ್ನು ಕಬಿನಿ ಹೊಳೆಗೆ ಅಟ್ಟಿ, ದಾಟಿಸಿ, ದಿಮ್ಮಿಗಳ ಆವರಣದೊಳಕ್ಕೆ ಸಿಕ್ಕಿಸುವ ಈ ಕಾರ್ಯ ಅರಣ್ಯ ಇಲಾಖೆಗೆ ಆನೆಗಳನ್ನು ಒದಗಿಸುವ ಉಪಾಯವಾಗಿದ್ದಂತೆಯೇ ದೊಡ್ಡವರಿಗೆ ತೋರಿಸುವ ದೃಶ್ಯವೂ ಆಗಿತ್ತು. ವೇಲ್ಸ್ ರಾಜಕುಮಾರನಾಗಿದ್ದಾಗ ಐದನೆಯ ಜಾರ್ಜ್ 1906ರಲ್ಲಿಯೂ ಅವನ ಮಗ 1922ರಲ್ಲಿಯೂ ಇಲ್ಲಿಗೆ ಬಂದರು. ಅತಿಥಿಗಳಿಗೆ ಅಟ್ಟಣೆ ಕಟ್ಟುತ್ತಿದ್ದರು. ಕೆಳಗೆ ಬೆಂಕಿ, ತಮಟೆ, ಕೂಗುಗಳೊಡನೆ ಹಿಂಡನ್ನು ಅಟ್ಟುತ್ತಿದ್ದವರೊಳಗೆ, ಸಾಕಾನೆಯ ಮೇಲೆ ಕುಳಿತು ಆವರಣದೊಳಗೆ ಹೋಗುತ್ತಿದ್ದವರೊಳಗೆ, ಕುರುಬರಿದ್ದರು. ಅತಿಥಿಗಳು ಮಹಾರಾಜರ ಅತಿಥಿಗಳು, ಸಾಹಸ ಕುರುಬರದು, ನೋಟದ ಒಡೆತನ ಮೂರನೆಯವರದು. ಈ ಏರ್ಪಾಟನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬದಲಾದದ್ದು ಅಟ್ಟಣೆಯ ರೂಪ ಮಾತ್ರ. ಹಾಗೆ 1968ರ ಖೆಡ್ಡಾದಲ್ಲಿ ಸಿಕ್ಕಿದ ಆನೆ ಅರ್ಜುನ ಬಳ್ಳೆ ಶಿಬಿರದಲ್ಲಿ ಬೆಳೆದು, 2012ರಿಂದ 2019ರವರೆಗೆ ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತು, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯೊಡನೆ ಹೋರಾಡುತ್ತ ಸತ್ತಿತು. ನಾಡೆಲ್ಲ ಅತ್ತಿತು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುವ ಗಜಪಯಣದಲ್ಲಿ ಆನೆಗಳ ಹೆಸರನ್ನು ಮಕ್ಕಳೂ ಬಲ್ಲರು. ಮಾವುತ ಕಾವಾಡಿಗಳ ಹೆಸರನ್ನು ಎಷ್ಟು ಜನ ಬಲ್ಲರೋ ತಿಳಿಯದು.

ಖೆಡ್ಡಾ ನಿಂತ ಮೇಲೆ ಬೇಗಬೇಗನೆ ಬದಲಾವಣೆಗಳಾದುವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನ ಬಂದಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಹಳೆಯ ಕಾಡಿನ ಒಂದು ಭಾಗ ಹಿನ್ನೀರಿನಡಿ ಸೇರಿತು. ಆನೆಗಳು ಬೇಸಗೆಯಲ್ಲಿ ಹುಲ್ಲಿಗಾಗಿ ಬರುವ ಆ ಹಿನ್ನೀರಿನ ದಡವೇ ಇಂದು ಪ್ರವಾಸಿಗರ ಕಣ್ಣಿಗೆ ‘ಅನಾದಿ ಪ್ರಕೃತಿ’. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, 643 ಚದರ ಕಿಲೋಮೀಟರುಗಳಷ್ಟು. 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆ ಕಾರಾಪುರದಲ್ಲಿ ಅರಸರ ಕಾಲದ ಬೇಟೆಯ ಬಂಗಲೆಗಳನ್ನು ವಸತಿಗೃಹವಾಗಿ ಮಾರ್ಪಡಿಸಿತು, ಖಾಸಗಿಯವರು ಹಿಂಬಾಲಿಸಿದರು. ಇತ್ತ ಉದ್ಯಾನದೊಳಗಿನ ಹಾಡಿಗಳು ಕ್ರಮಕ್ರಮವಾಗಿ ಹೊರಗೆ ಬಂದುವು. ಕಾಡಿನಿಂದ ಹೊರಬಿದ್ದವರ ವಿಷಯವನ್ನು ವಿಚಾರಿಸಲು ರಾಜ್ಯದ ಉಚ್ಚ ನ್ಯಾಯಾಲಯದ ಆದೇಶದಿಂದ ರಚಿತವಾದ, ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಪುನರ್ವಸತಿಗೆ ಅರ್ಹವಾದ ಕುಟುಂಬಗಳ ಸಂಖ್ಯೆ 3,418 ಎಂದಿದೆ.

ಒಂದು ಪ್ರಸಂಗವನ್ನು ಮಾತ್ರ ಬಿಡಿಸಿ ಹೇಳಬೇಕು. ನಾಗರಹೊಳೆಯ ಕೊಡಗಿನ ಭಾಗದಲ್ಲಿ, ಮೂರ್ಕಲ್ಲಿನಲ್ಲಿ, ಉದ್ಯಾನದೊಳಗೇ ಇದ್ದ ಸರ್ಕಾರಿ ಕಟ್ಟಡಗಳನ್ನು ತಾಜ್ ಸಮೂಹಕ್ಕೆ ಸೇರಿದ ಒಂದು ಹೋಟೆಲು ಸಂಸ್ಥೆಗೆ ಸರ್ಕಾರ ವಹಿಸಿಕೊಟ್ಟಿತ್ತು. ಆದಿವಾಸಿಗಳು ಸಂಘಟಿತರಾಗಿ ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಅರಣ್ಯ ಸಂರಕ್ಷಣಾ ಶಾಸನದಂತೆ ಕೇಂದ್ರದ ಪೂರ್ವಾನುಮತಿ ಪಡೆಯದೆ ಹೀಗೆ ವಹಿಸಿಕೊಟ್ಟುದು ಸಲ್ಲದೆಂದು 1997ರಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಪ್ರಸಿದ್ಧವಾದ ಈ ಗೆಲವನ್ನು ನಾವು ಸರಿಯಾಗಿ ಓದಬೇಕು. ಗೆದ್ದದ್ದು ಕಾಡಿನ ಕಾನೂನು. ಕಾಡಿನವರ ಹಕ್ಕು ಎಂಬುದು ಆ ತೀರ್ಪಿನ ಆಧಾರವಾಗಿರಲಿಲ್ಲ. ಯಾವ ಕಾನೂನು ಹೋಟೆಲಿನವರನ್ನು ಹೊರಗಿಟ್ಟಿತೋ ಅದೇ ಬಗೆಯ ಕಾನೂನು ಹಾಡಿಯವರನ್ನೂ ಹೊರಗಿಡಬಲ್ಲುದಾಗಿತ್ತು. ಹಕ್ಕಿನ ಮಾತು ಶಾಸನದಲ್ಲಿ ಬರಲು 2006ರ ಅರಣ್ಯ ಹಕ್ಕುಗಳ ಕಾಯಿದೆಯವರೆಗೆ ಕಾಯಬೇಕಾಯಿತು.

ಇನ್ನು ಪ್ರದರ್ಶನದ ವಿಷಯ. ಕಾಡಂಚಿನ ವಸತಿಗೃಹವೊಂದರಲ್ಲಿ ಈ ಲೇಖಕನು ಒಂದು ಸಂಜೆ ವಿದ್ಯಾರ್ಥಿಗಳೊಡನೆ ‘ಬುಡಕಟ್ಟು ನೃತ್ಯ’ವನ್ನು ನೋಡಿದ್ದುಂಟು. ಬೆಂಕಿ ಹೊತ್ತಿಸಿದ್ದರು, ಸುತ್ತ ಕುರ್ಚಿಗಳು. ನಿರೂಪಕನು ಇದು ಸುಗ್ಗಿಯ ಕುಣಿತವೆಂದು ತಿಳಿಸಿದನು. ಜೇನು ಕೀಳುತ್ತ, ಗೆಡ್ಡೆ ಗೆಣಸು ಅಗೆಯುತ್ತ ಬಾಳಿದ ಜನಕ್ಕೆ ಸುಗ್ಗಿ ಎಲ್ಲಿಂದ ಬಂದಿತೆಂದು ಯಾರೂ ಕೇಳಲಿಲ್ಲ. ಬಯಲುಸೀಮೆಯ ಒಕ್ಕಲಿಗನ ಹಬ್ಬವನ್ನು ಕಾಡಿನವನ ಮೈಮೇಲೆ ಹೊದಿಸಿದುದಾಯಿತು. ಇಪ್ಪತ್ತು ನಿಮಿಷಗಳಲ್ಲಿ ಕುಣಿತ ಮುಗಿಯಿತು. ಹಾಡಿಯಲ್ಲಿ ಇದು ಎಷ್ಟು ಹೊತ್ತು ನಡೆಯುತ್ತದೆಂದು ಹಿರಿಯರೊಬ್ಬರನ್ನು ಕೇಳಿದೆ. “ಬೆಳಗಾಗೋ ಗಂಟ” ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ಸಂಬಳದ ಹೊತ್ತು ಮುಗಿದವನ ನಿರಾಳವಿತ್ತು.

ಇದು ಅಸಲಿಯಲ್ಲ ಎಂದು ದೂರುವುದು ಸುಲಭ. ಆ ದೂರಿನಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಎಲ್ಲ ಕಲೆಯೂ ಸ್ಥಳಾಂತರವಾದಾಗ ಮಾರ್ಪಡುತ್ತದೆ. ಯಕ್ಷಗಾನವೂ ಬೆಳಗಿನವರೆಗಿನ ಆಟವನ್ನು ಮೂರು ಗಂಟೆಗಳಿಗೆ ಇಳಿಸಿಕೊಂಡಿದೆ. ಆದರೆ ಇಳಿಸಿಕೊಂಡವರು ಮೇಳದವರೇ. ಎಷ್ಟನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು, ಯಾವ ರಾತ್ರಿ ಕುಣಿಯುವುದಿಲ್ಲ ಎಂಬುದನ್ನು ನಿರ್ಧರಿಸುವವರು ಯಾರು ಎಂಬುದರ ಮೇಲೆ ಕುಣಿತದ ಸತ್ಯ ನಿಂತಿದೆ. ಗುಡಿಸಿಲಿನ ಮಾತೂ ಹೀಗೆಯೇ. ಕಬಿನಿಯ ದಡದಲ್ಲಿ ಕುಟೀರಗಳನ್ನು ಕುರುಬರ ಹಾಡಿಯ ಮಾದರಿಯಲ್ಲಿ ಕಟ್ಟಿಸಿ, ಒಳಗೆ ಸಕಲ ಸೌಕರ್ಯಗಳನ್ನಿಟ್ಟು, ಮಾದರಿ ಹಾಡಿಯದೆಂದು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ಹಿಂದಿರುಗಿ, ಪೂರ್ವಿಕರ ನೆಲವೆಂದು ಹೇಳಿ ಅಂಥದೇ ಮನೆಗಳನ್ನು ಕಟ್ಟಲು ತೊಡಗಿದಾಗ ಅರಣ್ಯ ಇಲಾಖೆ ತಡೆಯಿತು. ಒಂದೇ ವಾಸ್ತುವಿಗೆ ಎರಡು ಅರ್ಥಗಳಿರುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೆ ದೊರೆಯಲಾರದು.

ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಇಲ್ಲಿ ನೆನೆಯದೆ ಇರಲಾಗದು. 1977ರಲ್ಲಿ ಸಿ. ಆರ್. ಸಿಂಹ ಅವರ ನಿರ್ದೇಶನದಲ್ಲಿ ಅದು ಚಲನಚಿತ್ರವೂ ಆಯಿತು. ರಣಧೀರ ಕಂಠೀರವನ ಕಾಲದ ಕಥೆ. ಕಾಡುಕುರುಬರಿಗೂ ಅವರಿಂದ ತೆರಿಗೆ ಬೇಡುವ ಹೆಗ್ಗಡೆಗೂ ನಡುವೆ ವ್ಯಾಜ್ಯ. ನ್ಯಾಯವನ್ನು ಅರಸನಿಂದ ನಿರೀಕ್ಷಿಸುವ ಲೋಕ ಅದು, ಇಂದಿನ ಓದುಗನಿಗೆ ಅಷ್ಟು ಸಾಲದು. ಆದರೂ ಒಂದು ಅಂಶ ಮುಖ್ಯ. ಆ ನಾಟಕದಲ್ಲಿ ಕುರುಬನು ಮಾತಾಡುತ್ತಾನೆ. ಯಾರಿಗೆ ಏನು ಸಲ್ಲಬೇಕು, ಏಕೆ ಸಲ್ಲಬೇಕು ಎಂದು ವಾದಿಸುತ್ತಾನೆ. ಹಾಡು ಕುಣಿತಗಳು ಅವನ ಬಾಳಿನೊಳಗಿನವು, ಮಾತಿಗೆ ಬದಲಾಗಿ ಬಂದವಲ್ಲ. ವಸತಿಗೃಹದ ಬೆಂಕಿಯ ಮುಂದೆ ನಿಂತವನಿಗೆ ಕುಣಿತ ಉಳಿದು ಮಾತು ಹೋಗಿದೆ. ಅವನ ಪರವಾಗಿ ನಿರೂಪಕನು ಮಾತಾಡುತ್ತಾನೆ, ಅದೂ ತಪ್ಪಾಗಿ.

ಇದು ಹೀಗೆಯೇ ಇರಬೇಕೆಂಬ ವಿಧಿಯೇನೂ ಇಲ್ಲವೆನ್ನುವುದಕ್ಕೆ ಪಕ್ಕದ ತಾಲ್ಲೂಕೇ ಸಾಕ್ಷಿ. ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ, ರಾಜ್ಯ ಸರ್ಕಾರ ನೆಲ ಕೊಟ್ಟುದರಿಂದ, ಟಿಬೆಟ್ಟಿನ ನಿರಾಶ್ರಿತರು ನೆಲಸಿದರು. ಅದೂ ಕಾಡು ಕಡಿದು ಮಾಡಿದ ನೆಲವೇ. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ನಾಮ್‌ಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದರು. 1999ರಲ್ಲಿ ಮುಗಿದ ಅದರ ಸ್ವರ್ಣಮಂದಿರವನ್ನು ನೋಡಲು ಈಗ ನಿತ್ಯವೂ ಜನ ಬರುತ್ತಾರೆ. ಅಲ್ಲಿ ಪೂಜೆ ಭಿಕ್ಷುಗಳ ವೇಳೆಗೆ ನಡೆಯುತ್ತದೆ, ಬಂದವನು ಅದಕ್ಕೆ ಹೊಂದಿಕೊಳ್ಳಬೇಕು. ಬೀದಿಯ ಉಪಾಹಾರ ಗೃಹದಲ್ಲಿ ಮೊಮೊ ಬೇಯಿಸುವವರೂ ಕಂಬಳಿ ಮಾರುವವರೂ ಬಹುಮಟ್ಟಿಗೆ ಅವರೇ. ಬಂದವನು ಟಿಬೆಟ್ಟಿನವರ ಅತಿಥಿಯೆಂಬುದರಲ್ಲಿ ಸಂದೇಹವಿಲ್ಲ. ಆ ಆತಿಥ್ಯಕ್ಕೂ ಮಿತಿಗಳಿವೆ: ವಿದೇಶೀಯನೊಬ್ಬ ಅಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರದ ಗೃಹ ಸಚಿವಾಲಯದ ಅನುಮತಿ ಬೇಕು. ಹೀಗಿದ್ದರೂ ದೂರದಿಂದ ಬಂದ ನಿರಾಶ್ರಿತನು ಈ ಜಿಲ್ಲೆಯಲ್ಲಿ ಆತಿಥೇಯನಾಗಿದ್ದಾನೆ. ಮೊದಲಿನಿಂದ ಇಲ್ಲಿಯೇ ಇದ್ದವನು ಆತಿಥೇಯನ ಆಳಾಗಿದ್ದಾನೆ. ಟಿಬೆಟ್ಟಿನವರ ಜಾಣ್ಮೆ, ಹೊರದೇಶಗಳ ನೆರವು ಮುಂತಾದ ಕಾರಣಗಳನ್ನು ಕೊಡಬಹುದು. ನನಗೆ ಮೊದಲ ಕಾರಣ ನೆಲವೆಂದೇ ತೋರುತ್ತದೆ. ಒಬ್ಬರಿಗೆ ನೆಲ ಕೊಡಲಾಯಿತು, ಇನ್ನೊಬ್ಬರಿಂದ ತೆಗೆದುಕೊಳ್ಳಲಾಯಿತು.

ಒಂದು ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಕೂಲಿ ಹೀನವಲ್ಲ, ವಸತಿಗೃಹಗಳು ಮುಚ್ಚಿದರೆ ಹಾಡಿಯ ಹುಡುಗರು ಕೊಡಗಿನ ಕಾಫಿ ತೋಟಗಳಿಗೆ ಹೋಗಬೇಕು, ಅಲ್ಲಿನ ಬಾಳು ಇದಕ್ಕಿಂತ ಮೇಲಲ್ಲ ಎನ್ನುತ್ತಾರೆ. ನಿಜ. ಆದರೆ 2025ರ ನವೆಂಬರಿನಲ್ಲಿ ನಡೆದುದನ್ನು ನೋಡಿ. ಹೆಗ್ಗಡದೇವನಕೋಟೆಯಿಂದ ಬೇರ್ಪಟ್ಟ ಸರಗೂರು ತಾಲ್ಲೂಕಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಲಿಗಳು ರೈತರನ್ನು ಕೊಂದುವು. ಸಫಾರಿಯ ವಾಹನಗಳ ಓಡಾಟದಿಂದಲೇ ಮೃಗಗಳು ಹೊರಬರುತ್ತಿವೆಯೆಂದು ರೈತರು ಕೆರಳಿದರು. ಅರಣ್ಯ ಸಚಿವ ಈಶ್ವರ ಖಂಡ್ರೆಯವರ ಆದೇಶದಿಂದ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಂತಿತು. ರೈತರ ಕೋಪಕ್ಕೆ ಕಾರಣವಿತ್ತು, ಸರ್ಕಾರಕ್ಕೂ ಬೇರೆ ದಾರಿ ಇದ್ದಿಲ್ಲವೆನ್ನೋಣ. ಕೂಡಲೆ ವಾಹನ ಚಾಲಕರು, ದಾರಿ ತೋರಿಸುವವರು, ಅಡುಗೆಯವರು ಕೆಲಸವಿಲ್ಲದೆ ಕುಳಿತರು. ಉದ್ಯಮವನ್ನು ತೆರೆಯುವಾಗ ಹಾಡಿಯನ್ನು ಕೇಳಿರಲಿಲ್ಲ, ಮುಚ್ಚುವಾಗಲೂ ಕೇಳಲಿಲ್ಲ. ‘ಸುಸ್ಥಿರ’ವೆಂಬ ವಿಶೇಷಣ ಆ ವಾರ ಯಾರಿಗೆ ಅನ್ವಯಿಸುತ್ತಿತ್ತು? ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹಕ್ಕು ಬಂದೊಡನೆ ಸಂಪತ್ತು ಬರುವುದಿಲ್ಲ. ಆದರೆ ಕೇಳದೆ ಮುಂದುವರಿಯುವುದು ಕಷ್ಟವಾಗುತ್ತದೆ.

ಕೊನೆಯದಾಗಿ, ಪ್ರವಾಸೋದ್ಯಮದ ಪಟ್ಟಿಗೆ ಸುಲಭವಾಗಿ ಸೇರಲಾರದ ಒಂದು ಆಚರಣೆಯ ವಿಷಯ. ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ ಜಿಲ್ಲೆಯ ಗಡಿ ದಾಟಿದರೆ ತಿತಿಮತಿಯ ಆಚೆಗೆ ದೇವರಪುರ ಸಿಗುತ್ತದೆ. ಪ್ರತಿ ಮೇ ತಿಂಗಳಲ್ಲಿ ಅಲ್ಲಿ ಕುಂಡೆ ಹಬ್ಬ. ಬೇಟೆಗೆ ಬಂದ ಅಯ್ಯಪ್ಪ ತಮ್ಮನ್ನು ನಡುದಾರಿಯಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋದನೆಂಬುದು ಕಾಡಿನವರ ದೂರು. ಜೇನುಕುರುಬರು, ಯರವರು ಮುಂತಾದವರು ಹೆಣ್ಣುವೇಷ ಹಾಕಿ, ಸೋರೆಬುರುಡೆ ಬಡಿಯುತ್ತ, ಆ ದೇವರನ್ನು ಬಾಯಿತುಂಬ ಬೈಯುತ್ತಾರೆ. ದೇವರನ್ನು ಮಾತ್ರವಲ್ಲ, ತೋಟದ ಒಡೆಯನನ್ನು, ಅಂಗಡಿಯವನನ್ನು, ದಾರಿಯಲ್ಲಿ ಹೋಗುವ ನಮ್ಮನ್ನು ಕೂಡ. ಬೈಗುಳವಿಲ್ಲದೆ ಹಬ್ಬವಿಲ್ಲ. ಬೆಂಕಿಯ ಮುಂದಿನ ಇಪ್ಪತ್ತು ನಿಮಿಷಗಳ ಕುಣಿತದಲ್ಲಿ ಅತಿಥಿಯನ್ನು ಬೈಯುವ ಅಧಿಕಾರ ಯಾರಿಗೂ ಇದ್ದಿಲ್ಲ. ಇಲ್ಲಿ ವೇಷಧಾರಿಗಳು ಬಸ್ಸು ಕಾರುಗಳನ್ನು ಅಡ್ಡಗಟ್ಟಿ, ಒಳಗೆ ಕುಳಿತವರ ವಂಶವನ್ನೆಲ್ಲ ಎತ್ತಿ ಆಡಿ, ಕಾಸು ಕೇಳುತ್ತಾರೆ. ಕೊಡುವವರೆಗೆ ಬಿಡುವುದಿಲ್ಲ. ಕಾರಿನವರು ಮೊದಲು ಬೆಚ್ಚಿ, ಆಮೇಲೆ ನಕ್ಕು, ಕಿಟಕಿಯ ಗಾಜು ಇಳಿಸಿ ನೋಟನ್ನು ಚಾಚುತ್ತಾರೆ. ರಶೀತಿಯನ್ನು ಯಾರೂ ಕೇಳುವುದಿಲ್ಲ.