ಬೂಸಾ ಯಾವುದು, ಕಾಳು ಯಾವುದು

ಚುನಾವಣೆ ಬಂತೆಂದರೆ ಕೇರಿಯಲ್ಲಿ ಒಂದೇ ಮಾತು: 'ಈ ಸಲ ಯಾರಿಗೆ ಒತ್ತೋದು?' ಯಾವ ಪಕ್ಷ ಬಡವರ ಕಡೆ ಅಂತ ಕೇಳಿದ್ರೆ ಎಲ್ಲರೂ ಪ್ರಣಾಳಿಕೆ ತೋರಿಸ್ತಾರೆ. ಕಥೆ ಕಾದಂಬರಿಗಳನ್ನು ಜಾತಿಯ ಕಣ್ಣಿಟ್ಟು ಓದುವ ನಾವು ಪಕ್ಷಗಳ ಬರವಣಿಗೆಯನ್ನು ಮಾತ್ರ ಹಾಗೆ ಓದುವುದಿಲ್ಲ. ವಿಮರ್ಶೆ ಅಲ್ಲಿಗೂ ಹೋಗಬೇಕು.

1973ರಲ್ಲಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಕಂಡರು. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿ ಅವರು. ಅವರನ್ನು ಮಂತ್ರಿ ಮಾಡಿದ್ದೂ ಕಾಂಗ್ರೆಸ್ಸೇ, ಬೀದಿಯಲ್ಲಿ ಗಲಾಟೆಯಾದಾಗ ಕೈಬಿಟ್ಟಿದ್ದೂ ಕಾಂಗ್ರೆಸ್ಸೇ. ಪಕ್ಷದ ಹೆಸರು ಎಷ್ಟಕ್ಕೆ ಬಾಳುತ್ತದೆ ಎಂಬುದನ್ನು ದಲಿತ ಚಳವಳಿ ಹುಟ್ಟುವಾಗಲೇ ಕಲಿಯಿತು.

ಈಗ ಇನ್ನೊಂದು ಪಠ್ಯ ಓದೋಣ. 2013ರಲ್ಲಿ ಕಾಂಗ್ರೆಸ್ ಸರ್ಕಾರ ಪರಿಶಿಷ್ಟರ ಉಪಯೋಜನೆ ಕಾಯ್ದೆ ತಂದಿತು. ಜನಸಂಖ್ಯೆಗೆ ತಕ್ಕಂತೆ, ಅಂದರೆ ಯೋಜನಾ ಹಣದ ಶೇ. 24.1ರಷ್ಟು, ನಮ್ಮ ಪಾಲು. ಒಳ್ಳೆಯ ಕಾಯ್ದೆ. ಆದರೆ ಅದರೊಳಗೇ 7(ಡಿ) ಅನ್ನೋ ಕಲಂ ಕೂತಿತ್ತು. ಎಲ್ಲರಿಗೂ ಆಗುವ ಕಾಮಗಾರಿಯ ಖರ್ಚಿನಲ್ಲಿ ಒಂದು ಭಾಗವನ್ನು ಪರಿಶಿಷ್ಟರಿಗೇ ಮಾಡಿದ್ದೆಂದು 'ಭಾವಿಸಬಹುದು'! ಮುಂದಿನ ಹತ್ತು ವರ್ಷದಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಗದ್ದುಗೆಯಲ್ಲಿ ಕೂತೆದ್ದವು. ಕಲಂ ಮಾತ್ರ ಅಲುಗಲಿಲ್ಲ.

2023ರಲ್ಲಿ ಕಾಂಗ್ರೆಸ್ ಸರ್ಕಾರವೇ ಅದನ್ನು ತೆಗೆದುಹಾಕಿತು. ಮೆಚ್ಚಬೇಕಾದ್ದೇ. ಆದರೆ ಅದೇ ವರ್ಷ ಉಪಯೋಜನೆಯ ಸುಮಾರು 11,000 ಕೋಟಿ ರೂಪಾಯಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. 2024-25ರಲ್ಲಿ 14,000 ಕೋಟಿಗೂ ಹೆಚ್ಚು. 'ಆ ದುಡ್ಡು ಪರಿಶಿಷ್ಟರಿಗೇ ತಲುಪ್ತಾ ಇದೆ' ಅಂತ ಸರ್ಕಾರದ ಉತ್ತರ. ವಿರೋಧಪಕ್ಷವಾಗಿ ಬಿಜೆಪಿ ಬೀದಿಗಿಳಿಯಿತು. ಗದ್ದುಗೆಯಲ್ಲಿದ್ದಾಗ 7(ಡಿ)ಯನ್ನು ಜೋಪಾನ ಮಾಡಿದ್ದೂ ಅದೇ.

ಗ್ಯಾರಂಟಿಗಳನ್ನು ಹಂಗಿಸುವವರ ಜೊತೆ ನಾನಿಲ್ಲ. ಕೂಲಿ ಮಾಡುವ ಅವ್ವ ಗಂಡನ ಕೈ ನೋಡದೆ ಬಸ್ಸು ಹತ್ತೋದು ಸಣ್ಣ ಬಿಡುಗಡೆಯಲ್ಲ. ನನ್ನ ತಕರಾರು ಟಿಕೆಟ್ಟಿನ ಬಗ್ಗೆ ಅಲ್ಲ, ಲೆಕ್ಕದ ಪುಸ್ತಕದ ಬಗ್ಗೆ. ಅದೇ ಬಸ್ಸಿಗೆ ಮೇಲುಜಾತಿಯ ತಾಯಿ ಹತ್ತಿದರೆ ಖರ್ಚು ನಾಡಿನ ಬೊಕ್ಕಸದ್ದು. ನಮ್ಮವ್ವ ಹತ್ತಿದರೆ ಮಗಳ ಹಾಸ್ಟೆಲ್ಲಿಗೆ, ಕೊಳವೆಬಾವಿಗೆ, ತುಂಡು ಭೂಮಿಗೆ ಆಗಬೇಕಾದ ಗಂಟಿನದ್ದು. ಒಂದೇ ಸೀಟು, ಎರಡು ಲೆಕ್ಕ. ಊರು ಬೇರೆ ಕೇರಿ ಬೇರೆ ಅನ್ನೋದು ಬಜೆಟ್ಟಿನಲ್ಲಿ ಹೀಗೆ ಬರೆಯಲ್ಪಡುತ್ತದೆ.

ಹಾಗಾದ್ರೆ ಯಾರಿಗೆ ಒತ್ತೋದು? ಹೆಸರು ಹೇಳಿ ತಪ್ಪಿಸಿಕೊಳ್ಳಲಾರೆ. ಕೋಮುದ್ವೇಷ ಬಿತ್ತುವವರನ್ನೂ ಅನ್ನ ಕೊಡುವವರನ್ನೂ ಒಂದೇ ತಕ್ಕಡಿಗೆ ಹಾಕೋದು ಜಾಣರ ಆಟ, ನಮ್ಮದಲ್ಲ. ಆದರೆ ಓಟು ಕೊಟ್ಟ ಮಾತ್ರಕ್ಕೆ ಓದೋದನ್ನ ನಿಲ್ಲಿಸಬಾರದು. ಸರ್ಕಾರಿ ಶಾಲೆ, ಆಸ್ಪತ್ರೆ, ಹಾಸ್ಟೆಲ್ಲು ಬಿಟ್ಟರೆ ನಮಗೆ ಬೇರೆ ದಾರಿ ಇಲ್ಲ. ಅವನ್ನು ಎಲ್ಲರ ದುಡ್ಡಿನಲ್ಲಿ ನಡೆಸಿ, ನಮ್ಮ ಪಾಲನ್ನು ಬೇರೆಯಾಗಿ ಕೊಡುವವರು ಯಾರು? ಮತ ಕೇಳಲು ಬಂದವರ ಮುಂದೆ ಪ್ರಣಾಳಿಕೆ ಬದಿಗಿಟ್ಟು ಬಜೆಟ್ ಪುಸ್ತಕ ತೆರೆಯೋಣ.

ಬೂಸಾ ಯಾವುದು, ಕಾಳು ಯಾವುದು ಅನ್ನೋದು ಅಲ್ಲಿ ಗೊತ್ತಾಗುತ್ತೆ.