ಕದ್ದ ತಂತ್ರಾಂಶವೇ? ಮುಕ್ತ ತಂತ್ರಾಂಶವೇ?

ಪದವಿ ತರಗತಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ವಿದ್ಯಾರ್ಥಿಯೊಬ್ಬ ಸರಳ ಲೋಲಕದ ಗ್ರಾಫನ್ನು ಗಣಕದಲ್ಲೇ ಬಿಡಿಸಿದ್ದ. ಲೋಲಕದ ಉದ್ದಕ್ಕೆ ಎದುರಾಗಿ ಆವರ್ತಕಾಲದ ವರ್ಗ; ಚೆಂದದ ಸರಳರೇಖೆ. ಇಳಿಜಾರು ಮೀಟರಿಗೆ ಸುಮಾರು 4.03 ಸೆಕೆಂಡ್ ವರ್ಗ ಎಂದು ಬಂದಿತ್ತು. ಅದರ ಪಕ್ಕದಲ್ಲಿ ಅನಿಶ್ಚಿತತೆಯೂ ಅಚ್ಚಾಗಿತ್ತು. "ಈ ಅನಿಶ್ಚಿತತೆಯನ್ನು ಹೇಗೆ ಲೆಕ್ಕ ಹಾಕಿದೆಯಪ್ಪಾ?" ಎಂದು ಕೇಳಿದೆ. "ಸಾಫ್ಟ್‌ವೇರೇ ಕೊಟ್ಟಿತು ಸಾರ್" ಎಂದ. "ಕೈಪಿಡಿ ನೋಡಲಿಲ್ಲವೇ?" ಎಂದರೆ, "ಅದು ಕ್ರ್ಯಾಕ್ ಮಾಡಿದ ಕಾಪಿ ಸಾರ್, ಕೈಪಿಡಿ ಇಲ್ಲ" ಎಂಬ ಉತ್ತರ ಬಂತು.

ನಾನು ಮುಂದೆ ಪ್ರಶ್ನೆ ಕೇಳಲಿಲ್ಲ. ಆ ಸಿ.ಡಿ.ಯನ್ನು ಪ್ರಯೋಗಾಲಯಕ್ಕೆ ತಂದವರು ಅಧ್ಯಾಪಕರಾದ ನಾವೇ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಪಕ್ಕದವನ ಅಂಕಿಗಳನ್ನು ನಕಲು ಮಾಡಿದವನಿಗೆ ಸೊನ್ನೆ ಕೊಡುವವರೂ ನಾವೇ.

ಮೂರು ಬೇರೆ ಬೇರೆ ಸಂಗತಿಗಳು

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಪರವಾನಗಿ ಇಲ್ಲದೆ ನಕಲು ಮಾಡಿದ ತಂತ್ರಾಂಶ ಕದ್ದದ್ದು. ಹಣ ಕೇಳದೆ, ಆದರೆ ಒಳಗನ್ನು ತೋರಿಸದೆ ಕೊಡುವ ತಂತ್ರಾಂಶ ಕೇವಲ ಪುಕ್ಕಟೆಯದು. ಆಕರ ಸಂಕೇತವನ್ನು ಓದಲು, ತಿದ್ದಲು, ಹಂಚಲು ಅನುಮತಿ ಇರುವುದು ಮುಕ್ತ ತಂತ್ರಾಂಶ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಾಗ ಒತ್ತು ಇದ್ದದ್ದು ಬೆಲೆಯ ಮೇಲಲ್ಲ, ಈ ಅನುಮತಿಯ ಮೇಲೆ. ಹಣ ಕೊಟ್ಟು ಕೊಂಡ ತಂತ್ರಾಂಶದ ಬಗ್ಗೆ ಇಲ್ಲಿ ತಕರಾರಿಲ್ಲ. ಕೊಳ್ಳಲಾಗದವರು ಏನು ಮಾಡಬೇಕೆಂಬುದೇ ಪ್ರಶ್ನೆ.

ಸ್ಟಾಫ್ ರೂಮಿನ ವಾದಗಳು

"ಬೋಧನೆಗಾಗಿ ತಾನೇ, ತಪ್ಪೇನು?" ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಧಿಯ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸುವುದು ಅಪರಾಧ. ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಬಿಡಬಹುದು. ಅಪರಾಧ ಮಾತ್ರ ಅಪರಾಧವಾಗಿಯೇ ಉಳಿಯುತ್ತದೆ.

"ಹೊರಗೆ ಎಲ್ಲರೂ ಬಳಸುವುದು ಅದನ್ನೇ" ಎಂಬುದು ಎರಡನೆಯ ವಾದ. 2019ರಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರವನ್ನು ರೂಪಿಸಿದ ಕೆಲಸದಲ್ಲಿ ಪೈಥಾನ್ ಭಾಷೆಯ ಮುಕ್ತ ತಂತ್ರಾಂಶಗಳಿದ್ದವು. 2015ರಲ್ಲಿ ಲೈಗೋ ಪತ್ತೆಮಾಡಿದ ಗುರುತ್ವ ಅಲೆಯ ದತ್ತಾಂಶ ಎಲ್ಲರಿಗೂ ತೆರೆದಿದೆ. ನಿಮ್ಮ ಕಾಲೇಜಿನ ಗಣಕದಲ್ಲೇ ಪೈಥಾನ್ ಬಳಸಿ ಅದನ್ನು ವಿಶ್ಲೇಷಿಸಬಹುದು.

ಸುರಕ್ಷತೆಯ ಮಾತೂ ಇದೆ. ವಿಂಡೋಸ್‌ನ ಒಂದು ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆಯಾಗಿತ್ತು. ಅದನ್ನು ಹಾಕಿಕೊಳ್ಳದ ಗಣಕಗಳಲ್ಲಿ ಮೇ ತಿಂಗಳಲ್ಲಿ 'ವಾನಾಕ್ರೈ' ಹರಡಿ ಕಡತಗಳಿಗೆ ಬೀಗ ಹಾಕಿತು. ಸಿಕ್ಕಿಬೀಳುವ ಭಯದಿಂದ ಪರಿಷ್ಕರಣೆಯನ್ನೇ ನಿಲ್ಲಿಸಿಟ್ಟ ನಕಲು ಪ್ರತಿಗಳ ಗತಿ ಏನೆಂದು ನೀವೇ ಯೋಚಿಸಿ.

ಉಪಕರಣವನ್ನು ಅರಿಯುವುದು

ಇವೆಲ್ಲಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆ ಕೊಡುವಾಗ ಮೊದಲು ಶೂನ್ಯ ದೋಷ ನೋಡು ಎನ್ನುತ್ತೇವೆ. ಲೆಕ್ಕ ಹಾಕುವ ತಂತ್ರಾಂಶವೂ ಒಂದು ಉಪಕರಣವೇ. ಅದರ ಶೂನ್ಯ ದೋಷವನ್ನು ನೋಡುವುದು ಹೇಗೆ?

ಲೋಲಕದ ಉದಾಹರಣೆಗೇ ಬರೋಣ. ಪೈಥಾನ್‌ನ 'ಸೈಪೈ' ಸಂಗ್ರಹದಲ್ಲಿ 'ಕರ್ವ್ ಫಿಟ್' ಎಂಬ ಸೌಲಭ್ಯವಿದೆ. ಪ್ರತಿ ಬಿಂದುವಿನ ಅನಿಶ್ಚಿತತೆ 0.02 ಎಂದು ಕೊಟ್ಟು ಇಳಿಜಾರಿನ ಅನಿಶ್ಚಿತತೆಯನ್ನು ಬರೆದುಕೊಳ್ಳಿ. ಈಗ ಎಲ್ಲ ಬಿಂದುಗಳಿಗೂ 0.2 ಎಂದು ಕೊಡಿ. ಉತ್ತರ ಬದಲಾಗುವುದೇ ಇಲ್ಲ! ಏಕೆಂದರೆ ತಾನಾಗಿ ಬಿಟ್ಟರೆ ಅದು ನೀವು ಕೊಟ್ಟ ಅಂಕಿಗಳನ್ನು ಬಿಂದುಗಳ ನಡುವಿನ ಸಾಪೇಕ್ಷ ತೂಕವೆಂದಷ್ಟೇ ಪರಿಗಣಿಸಿ, ಅನಿಶ್ಚಿತತೆಯನ್ನು ಬಿಂದುಗಳು ರೇಖೆಯಿಂದ ಎಷ್ಟು ಚದುರಿವೆ ಎಂಬುದರಿಂದ ಲೆಕ್ಕ ಹಾಕುತ್ತದೆ. 'ಆಬ್ಸಲ್ಯೂಟ್ ಸಿಗ್ಮಾ' ಎಂಬ ಆಯ್ಕೆಯನ್ನು ಹಾಕಿದರೆ ನಿಮ್ಮ ಅಂಕಿಗಳನ್ನೇ ನಿಜವೆಂದು ನಂಬುತ್ತದೆ. ಆಗ ಅನಿಶ್ಚಿತತೆ ಹತ್ತು ಪಟ್ಟಾಗುತ್ತದೆ. ಎರಡೂ ಸರಿಯಾದ ಉತ್ತರಗಳೇ, ಆದರೆ ಎರಡು ಬೇರೆ ಪ್ರಶ್ನೆಗಳಿಗೆ. ಯಾವುದಕ್ಕೆ ಉತ್ತರ ಸಿಕ್ಕಿದೆಯೆಂದು ಕೈಪಿಡಿಯಲ್ಲಿ ಓದಬಹುದು. ಅನುಮಾನ ಬಂದರೆ ಆಕರ ಸಂಕೇತವನ್ನೇ ತೆರೆದು ನೋಡಬಹುದು. ಹಣ ಕೊಟ್ಟು ಕೊಂಡವನಿಗೆ ಕನಿಷ್ಠ ಕೈಪಿಡಿ ಸಿಗುತ್ತದೆ, ತಯಾರಕರನ್ನು ಕೇಳುವ ಹಕ್ಕಿರುತ್ತದೆ. ಕದ್ದವನಿಗೆ ಎರಡೂ ಇಲ್ಲ.

ಮುಕ್ತ ತಂತ್ರಾಂಶದ ಕೊರತೆಗಳು

ಹಾಗೆಂದು ಮುಕ್ತವಾದದ್ದೆಲ್ಲ ದೋಷರಹಿತ ಎಂದಲ್ಲ. ಎಲ್ಲರೂ ಓದಬಹುದು ಎಂದಮಾತ್ರಕ್ಕೆ ಯಾರಾದರೂ ಓದಿದ್ದಾರೆ ಎಂದಾಗುವುದಿಲ್ಲ. ಓಪನ್ ಎಸ್ಎಸ್ಎಲ್‌ನಲ್ಲಿ 2012ರಲ್ಲಿ ಸೇರಿಕೊಂಡ 'ಹಾರ್ಟ್‌ಬ್ಲೀಡ್' ದೋಷ ಬಯಲಾದದ್ದು 2014ರಲ್ಲಿ. ಪೈಥಾನ್ 2ರಲ್ಲಿ ಬರೆದ ಎಷ್ಟೋ ಕ್ರಮವಿಧಿಗಳು ಪೈಥಾನ್ 3ರಲ್ಲಿ ತಿದ್ದದೆ ನಡೆಯುವುದಿಲ್ಲ. ಪ್ರಯೋಗಾಲಯದ ಕೆಲವು ಉಪಕರಣಗಳ ಜೊತೆ ಬರುವ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಕಲಿಯಲು ಸಮಯ ಬೇಕು, ಆ ಸಮಯಕ್ಕೂ ಬೆಲೆಯಿದೆ. ಇನ್ನೊಂದು ಮಾತು: ಮುಕ್ತ ತಂತ್ರಾಂಶಕ್ಕೂ ಪರವಾನಗಿ ಇದೆ. ಬೇರೆಯವರ ಸಂಕೇತವನ್ನು ಹೆಸರು ಅಳಿಸಿ ತನ್ನ ಪ್ರಾಜೆಕ್ಟ್ ಎಂದು ಒಪ್ಪಿಸುವ ವಿದ್ಯಾರ್ಥಿ ಮಾಡುವುದೂ ಕಳ್ಳತನವೇ.

ಎಲ್ಲಿಂದ ಆರಂಭಿಸಬೇಕು?

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಿಲ್ಲ. ಮ್ಯಾಟ್‌ಲ್ಯಾಬ್ ಕಲಿತವರಿಗೆ ಗ್ನೂ ಆಕ್ಟೇವ್‌ನ ಭಾಷೆ ಬಹುಮಟ್ಟಿಗೆ ಪರಿಚಿತವೇ. ಫ್ರಾನ್ಸ್‌ನಲ್ಲಿ ಹುಟ್ಟಿದ ಸೈಲ್ಯಾಬ್ ಇದೆ, ಗ್ರಾಫ್‌ಗೆ ಗ್ನೂಪ್ಲಾಟ್ ಇದೆ. ಮುಂಬಯಿ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಹಲವು ಪಾಠಗಳು ಕನ್ನಡದಲ್ಲೂ ದೊರೆಯುತ್ತವೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್ ರೂಪಿಸಿದ 'ಎಕ್ಸ್‌ಪೈಸ್' ಎಂಬ ಪುಟ್ಟ ಪೆಟ್ಟಿಗೆಯ ತಂತ್ರಾಂಶದ ಜೊತೆಗೆ ಯಂತ್ರಾಂಶದ ವಿನ್ಯಾಸವೂ ಮುಕ್ತ.

ಈ ಅವಧಿಯಲ್ಲಿ ಒಂದೇ ಒಂದು ಪ್ರಯೋಗವನ್ನು ಮುಕ್ತ ತಂತ್ರಾಂಶದಲ್ಲಿ ಮಾಡಿಸಿ ನೋಡಿ. ಮುಂದಿನ ಪರೀಕ್ಷೆಯಲ್ಲಿ "ಹೇಗೆ ಬಂತು?" ಎಂದು ಕೇಳಿದರೆ ವಿದ್ಯಾರ್ಥಿ ಆ ಸಾಲನ್ನು ತೆರೆದು ತೋರಿಸಬಹುದು. ಆಗ ನಾವೂ ತಲೆ ತಗ್ಗಿಸದೆ ಮುಂದಿನ ಪ್ರಶ್ನೆ ಕೇಳಬಹುದು.