ನಾಲ್ಕನೇ ಘಾತದ ಸಂಯಮ

ಕಳೆದ ವಾರ ಮಾತು ಕೊಟ್ಟಂತೆ ಟ್ಯೂರಿಂಗ್ ಅವರ ಪ್ರಬಂಧ ಕೈಗೆತ್ತಿಕೊಂಡೆ. ಎರಡು ರಾಸಾಯನಿಕಗಳು ಒಂದರೊಡನೊಂದು ವರ್ತಿಸುತ್ತ ಬೇರೆ ಬೇರೆ ವೇಗದಲ್ಲಿ ಹರಡಿದರೆ ಚುಕ್ಕೆ, ಪಟ್ಟೆಗಳು ತಾವಾಗಿಯೇ ಮೂಡಬಲ್ಲವೆಂದು 1952ರಲ್ಲಿ ಅವರು ಲೆಕ್ಕದಲ್ಲಿ ತೋರಿಸಿದ್ದರು. ಬೋರ್ಡೋದ ಪ್ರಯೋಗಶಾಲೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು 1990ರಲ್ಲಿ. ಆದರೆ 1952 ಎಂದು ಬರೆದದ್ದೇ ತಡ, ಅದೇ ವರ್ಷದ ಇನ್ನೊಂದು ಪ್ರಬಂಧ ನನ್ನನ್ನು ಎಳೆದುಕೊಂಡಿತು. ಚುಕ್ಕೆಗಳು ಮುಂದಿನ ವಾರಕ್ಕಿರಲಿ.

ಅದು ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರದು. ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ವೋಲ್ಟೇಜನ್ನು ಒಂದು ಮಟ್ಟದಲ್ಲಿ ಹಿಡಿದಿಟ್ಟು, ಸೋಡಿಯಂ ಎಷ್ಟು ಹರಿಯಿತು, ಪೊಟ್ಯಾಸಿಯಂ ಎಷ್ಟು ಎಂದು ಅವರು ಅಳೆದರು. ಸಮೀಕರಣದ ಗುಣಾಂಕಗಳೆಲ್ಲ ಬಂದದ್ದು ಈ ಅಳತೆಗಳಿಂದ. ಆಮೇಲೆ ವೋಲ್ಟೇಜನ್ನು ಅದರ ಪಾಡಿಗೆ ಬಿಟ್ಟರೆ ನರದ ಸಂಕೇತ ಹುಟ್ಟಿ ಓಡುತ್ತದೆಯೇ? ಇದು ಅಳತೆಯಲ್ಲಿ ಎಲ್ಲೂ ಇರದ ಪ್ರಶ್ನೆ, ನಿಜವಾದ ಪರೀಕ್ಷೆ.

ಕೇಂಬ್ರಿಡ್ಜ್‌ನ ಕಂಪ್ಯೂಟರ್ ಆಗ ದುರಸ್ತಿ, ಬದಲಾವಣೆಗಳಿಗಾಗಿ ತಿಂಗಳುಗಟ್ಟಲೆ ನಿಂತಿತ್ತು. ಹಕ್ಸ್‌ಲಿ ಹಿಡಿಕೆ ತಿರುಗಿಸುವ ಬ್ರನ್ಸ್‌ವಿಗಾ ಯಂತ್ರದೆದುರು ಕೂತರು. ಸಂಕೇತದ ವೇಗವನ್ನು ಮೊದಲು ಊಹಿಸಬೇಕು. ಊಹೆ ಒಂದಿಷ್ಟು ತಪ್ಪಿದರೂ ಉತ್ತರ ಮೇಲಕ್ಕೋ ಕೆಳಕ್ಕೋ ಅನಂತದತ್ತ ಓಡಿಬಿಡುತ್ತದೆ. ಮತ್ತೆ ಹೊಸ ಊಹೆ, ಮತ್ತೆ ಹಿಡಿಕೆ. ಓಡುವ ಒಂದು ಸಂಕೇತದ ಲೆಕ್ಕಕ್ಕೆ ಸುಮಾರು ಮೂರು ವಾರ. ಕೊನೆಗೆ ನಿಂತ ಉತ್ತರ ಸೆಕೆಂಡಿಗೆ 18.8 ಮೀಟರ್, ನರದಲ್ಲಿ ಅಳೆದದ್ದು 21.2. ಇಷ್ಟು ಹತ್ತಿರ ಬಂದದ್ದನ್ನು ಎಷ್ಟು ಸಲ ಓದಿದರೂ ನನಗೆ ರೋಮಾಂಚನ.

ಈ ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪೊಟ್ಯಾಸಿಯಂ ಹರಿವಿನ ಸಮೀಕರಣದಲ್ಲಿ ಅವರು ಬಳಸಿದ ನಾಲ್ಕನೇ ಘಾತ. ಐದನೇ ಅಥವಾ ಆರನೇ ಘಾತ ಹಾಕಿದ್ದರೆ ರೇಖೆಯ ಆರಂಭ ಇನ್ನಷ್ಟು ಚೆನ್ನಾಗಿ ಹೊಂದುತ್ತಿತ್ತು. ಆದರೆ ಆ ಸುಧಾರಣೆಗಾಗಿ ಲೆಕ್ಕವನ್ನು ಅಷ್ಟು ಜಟಿಲಗೊಳಿಸುವುದು ತರವಲ್ಲವೆಂದು ಅವರೇ ಬರೆದಿದ್ದಾರೆ. ಸಮೀಕರಣ ಹೊಂದಿಕೊಂಡ ಮಾತ್ರಕ್ಕೆ ಪೊರೆಯೊಳಗಿನ ಗುಟ್ಟು ತಿಳಿಯಿತೆಂದು ಭಾವಿಸಬೇಡಿ ಎಂದೂ ಎಚ್ಚರಿಸಿದ್ದಾರೆ. ದಶಕಗಳ ನಂತರ, ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಚಾನೆಲ್‌ನ ರಚನೆ ಬಯಲಾಯಿತು. 1998ರಲ್ಲಿ ಮೆಕಿನನ್ ಅವರ ತಂಡ ಕೊಟ್ಟ ಚಿತ್ರದಲ್ಲಿ, ನಡುವಿನ ರಂಧ್ರದ ಸುತ್ತ ಒಂದೇ ಬಗೆಯ ನಾಲ್ಕು ಪ್ರೋಟೀನ್ ತುಂಡುಗಳು! ಸೋಡಿಯಂ ವಿಷಯದಲ್ಲಿ ಲೆಕ್ಕಕ್ಕೂ ರಚನೆಗೂ ಇಷ್ಟು ನೇರವಾದ ತಾಳೆ ಇಲ್ಲ. ಆದ್ದರಿಂದಲೇ ಆ ಎಚ್ಚರಿಕೆಯ ತೂಕ ಇಂದಿಗೂ ಇಳಿದಿಲ್ಲ.

ಈಗಿನ ಒಂದು ಪಂಥದೊಡನೆ ನನ್ನ ಜಗಳ ಇಲ್ಲೇ. ಜೀವಕೋಶದ ಮಾದರಿ ಎಂದರೆ ಐವತ್ತು ಗುಣಾಂಕ ಪೇರಿಸಿ, ದತ್ತಾಂಶಕ್ಕೆ ರೇಖೆ ಕೂತಿತೆಂದು ಸಂಭ್ರಮಿಸುವುದು ಎಂದು ಅವರು ತಿಳಿದಿದ್ದಾರೆ. ಸಾಕಷ್ಟು ಗುಣಾಂಕಗಳಿದ್ದರೆ ಯಾವ ರೇಖೆ ತಾನೇ ಕೂರುವುದಿಲ್ಲ? ಹಿಡಿಕೆ ತಿರುಗಿಸುವವನಿಗೆ ಹೆಚ್ಚಿನ ಪ್ರತಿಯೊಂದು ಪದವೂ ದಿನಗಟ್ಟಲೆ ದುಡಿಮೆ. ಹಾಗಾಗಿ ಬೇಕೇ ಬೇಡವೇ ಎಂದು ಯೋಚಿಸುತ್ತಿದ್ದ. ಕಂಪ್ಯೂಟರ್ ಆ ದುಡಿಮೆ ತಪ್ಪಿಸಿದ್ದು ಒಳ್ಳೆಯದೇ, ಯೋಚನೆಯನ್ನೂ ತಪ್ಪಿಸಿದರೆ ನಷ್ಟ ನಮ್ಮದೇ. ಮಾದರಿ ಕಟ್ಟುವ ಎಳೆಯರಿಗೆ ನನ್ನ ಮನವಿ ಇಷ್ಟೇ: ಪ್ರತಿ ಗುಣಾಂಕದ ಪಕ್ಕದಲ್ಲಿ ಅದು ಯಾವ ಅಳತೆಯಿಂದ ಬಂತೆಂದು ಬರೆಯಿರಿ. ಬರೆಯಲಾಗದ್ದನ್ನು ತೆಗೆದುಹಾಕಿ, ಉಳಿದದ್ದರಿಂದ ಇನ್ನೂ ಯಾರೂ ಅಳೆಯದ ಒಂದು ಸಂಖ್ಯೆಯನ್ನು ಮುಂಚಿತವಾಗಿ ಹೇಳಿ.